ಗವಿಯ ಬಾಯಿಯಲ್ಲಿ ನಿಂತವನು

ಕಳೆದ ಶ್ರಾವಣದಲ್ಲಿ ಶಿವಾನುಭವ ಗೋಷ್ಠಿಯೊಂದರ ನಿಮಿತ್ತ ಬೆಂಗಳೂರಿಗೆ ಹೋಗಿದ್ದಾಗ ನಾವು ವಿಮಾನಪುರದ ಸದ್ಭಕ್ತರೊಬ್ಬರ ಮನೆಯಲ್ಲಿ ಎರಡು ದಿನ ತಂಗಿದ್ದೆವು. ಮನೆಯ ಯಜಮಾನರು ಅಲ್ಲಿಯ ವಿಮಾನ ಕಾರ್ಖಾನೆಯಲ್ಲಿ ಮೂವತ್ತು ವರುಷಕ್ಕೂ ಮಿಕ್ಕಿ ದುಡಿದು ನಿವೃತ್ತರಾದವರು. 1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನೊಡನೆ ಆರಂಭಿಸಿದ ಕಾರ್ಖಾನೆ ಅದು. ಅದರಿಂದಲೇ ಆ ಬಡಾವಣೆಗೆ ವಿಮಾನಪುರವೆಂಬ ಹೆಸರು. ಸನಿಹದಲ್ಲಿಯೇ ವಿಭೂತಿಪುರವೆಂಬ ಹಳೆಯ ಊರೂ ಅದರ ಕೆರೆಯೂ ಇವೆ. ಎರಡು ಹೆಸರುಗಳು ಹೀಗೆ ಅಕ್ಕಪಕ್ಕದಲ್ಲಿರುವುದು ನಮಗೆ ಏಕೋ ಬಹಳ ಹಿಡಿಸಿತು.

ಎರಡನೆಯ ದಿನ ಮುಂಜಾನೆ ಲಿಂಗಪೂಜೆ ಮುಗಿಸಿ ಪಡಸಾಲೆಗೆ ಬಂದು ಕುಳಿತಿದ್ದೆವು. ಅಂಗಳದಲ್ಲಿ ಕಬ್ಬಿಣದ ಮುಚ್ಚಳವನ್ನು ಎಳೆದ ಸದ್ದಾಯಿತು. ನೀರಿನ ಸಂಪನ್ನು ತೊಳೆಯಲು ಅಣ್ಣತಮ್ಮಂದಿರಿಬ್ಬರು ಬಂದಿದ್ದರು. ಹಿಂದಿನ ದಿನವೇ ನೀರನ್ನೆಲ್ಲ ತೆಗೆದು ಮತ್ತೆ ಮುಚ್ಚಿದ್ದ ಸಂಪು ಅದು. ಕಿರಿಯವನು ಬ್ಲೀಚಿಂಗ್ ಪುಡಿಯ ಪೊಟ್ಟಣವನ್ನು ಕಂಕುಳಲ್ಲಿ ಇಟ್ಟುಕೊಂಡು ಒಂದು ಕಾಲನ್ನು ಆಗಲೇ ಒಳಗೆ ಇಳಿಬಿಟ್ಟಿದ್ದನು. ನಾವು ಎದ್ದು ಹೋಗಿ, "ತಮ್ಮಾ, ಸ್ವಲ್ಪ ತಡೆ" ಎಂದೆವು. ನಮ್ಮ ದನಿ ಅಗತ್ಯಕ್ಕಿಂತ ಜೋರಾಗಿದ್ದಿತೆಂದು ಕಾಣುತ್ತದೆ; ಮನೆಯವರೆಲ್ಲ ಹೊರಬಂದರು.

"ಗುರುಗಳೇ, ಇದು ಕುಡಿಯುವ ನೀರಿನ ಸಂಪು, ಚರಂಡಿಯಲ್ಲ. ಎಂಟಡಿ ಆಳ ಅಷ್ಟೇ" ಎಂದು ಯಜಮಾನರು ನಕ್ಕರು.

"ನಾವು ಕಂಡ ಹಗೇವು ಹನ್ನೆರಡಡಿ ಇದ್ದಿತು" ಎಂದೆವು. ಹಗೇವು ಎಂದರೇನೆಂದು ಅವರ ಮೊಮ್ಮಗ ಕೇಳಿದನು. ಆ ಪ್ರಶ್ನೆಯಿಂದಲೇ ಈ ಲೇಖನ ಹುಟ್ಟಿತು.

ಉತ್ತರ ಕರ್ನಾಟಕದ ಎರೆಭೂಮಿಯ ಸೀಮೆಯಲ್ಲಿ ಹುಟ್ಟಿದ ಹಿರಿಯರಿಗೆ ಹಗೇವನ್ನು ವಿವರಿಸಬೇಕಾಗಿಲ್ಲ. ಕಿರಿಯರಿಗಾಗಿ ಹೇಳುತ್ತೇವೆ. ಗಟ್ಟಿನೆಲವನ್ನು ಆರಿಸಿ, ಬಾಯಿ ಚಿಕ್ಕದಾಗಿಯೂ ಹೊಟ್ಟೆ ದೊಡ್ಡದಾಗಿಯೂ ಇರುವಂತೆ, ಹೂಜಿಯ ಆಕಾರದಲ್ಲಿ ತೋಡಿದ ನೆಲಗವಿ ಅದು. ಸುತ್ತ ಹುಲ್ಲನ್ನು ಒತ್ತಿ, ಜೋಳವನ್ನು ತುಂಬಿ, ಬಾಯಿಗೆ ಚಪ್ಪಡಿಕಲ್ಲು ಇಟ್ಟು ಮಣ್ಣು ಮೆತ್ತಿಬಿಟ್ಟರೆ ಕಾಳು ವರುಷಗಟ್ಟಲೆ ಕೆಡುವುದಿಲ್ಲ. ಹುಳು ಬೀಳದಿರುವುದಕ್ಕೆ ಕಾರಣವೇನು? ಕಾಳೂ ಉಸಿರಾಡುತ್ತದೆ. ಮುಚ್ಚಿದ ಗುಂಡಿಯೊಳಗಿನ ಆಮ್ಲಜನಕವನ್ನು ತಾನೇ ಮುಗಿಸಿ ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ. ಆ ಗಾಳಿಯಲ್ಲಿ ಹುಳು ಬದುಕಲಾರದು. ಹುಳುವನ್ನು ಕೊಲ್ಲುವ ಗಾಳಿ ಮನುಷ್ಯನನ್ನೂ ಕೊಲ್ಲುತ್ತದೆಂಬುದನ್ನು ಬೇರೆ ಹೇಳಬೇಕೆ? ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸಾಧಾರಣ ಗಾಳಿಗಿಂತ ಒಂದೂವರೆಪಟ್ಟು ಭಾರವಾದುದರಿಂದ ಬಾಯಿ ತೆರೆದರೂ ತಾನಾಗಿ ಮೇಲೇರಿ ಹೋಗದೆ ತಳದಲ್ಲಿ ಕೊಳದ ನೀರಿನಂತೆ ನಿಂತಿರುತ್ತದೆ.

ನಾವು ಬಾಲ್ಯದಲ್ಲಿ ಓದಿದ್ದು ಕೃಷ್ಣಾತೀರದ ಒಂದು ಮಠದಲ್ಲಿ. 1972ರ ಬರಗಾಲ ನಮ್ಮ ತಲೆಮಾರಿನವರ ಮನಸ್ಸಿನಿಂದ ಮಾಸಿಲ್ಲ. ದಾಸೋಹಕ್ಕೆ ಬರುವವರ ಪಂಕ್ತಿ ದಿನದಿನಕ್ಕೆ ಬೆಳೆಯುತ್ತ ಹೋಗಿ, ಉಗ್ರಾಣ ಬರಿದಾದಾಗ, ನಾಲ್ಕಾರು ವರುಷಗಳಿಂದ ಮುಚ್ಚಿಯೇ ಇದ್ದ ಹಗೇವನ್ನು ತೆಗೆಯಬೇಕೆಂದು ಪೂಜ್ಯರು ಅಪ್ಪಣೆ ಕೊಡಿಸಿದರು. ಮಠದ ಕಾರಭಾರಿ ಅಜ್ಜನವರು ಹಿಂದಿನ ದಿನ ಸಾಯಂಕಾಲವೇ ಕಲ್ಲನ್ನು ಸರಿಸಿದರು. ಮರುದಿನ ಬೆಳಿಗ್ಗೆ ಕಂದೀಲನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು, ಅದು ಉರಿಯುತ್ತಿರುವುದನ್ನು ನೋಡಿದ ಮೇಲೆಯೇ ಆಳನ್ನು ಇಳಿಸಿದರು. ಇಳಿದವನು ಮಠದ ಹೊಲದಲ್ಲಿ ದುಡಿಯುತ್ತಿದ್ದ ಯುವಕ. ಮೇಲೆ ನಿಂತು ಬುಟ್ಟಿ ಸೇದುತ್ತಿದ್ದವನು ಅವನ ಜೀವದ ಗೆಳೆಯ. ಒಂದೇ ಓಣಿಯಲ್ಲಿ ಬೆಳೆದು, ಒಂದೇ ಗರಡಿಯಲ್ಲಿ ಮಣ್ಣು ಮೆತ್ತಿಕೊಂಡವರು. ಇಳಿಯುವವನ ಸೊಂಟಕ್ಕೂ ಕಂಕುಳಿಗೂ ಸುತ್ತಿ ಒಂದು ಹಗ್ಗವನ್ನು ಕಟ್ಟಲೇಬೇಕೆಂದು ಅಜ್ಜನವರ ಹಟ. "ಎತ್ತಿಗೆ ಕಟ್ಟಿದಂಗ ಕಟ್ತೀರಲ್ಲರೀ ಅಜ್ಜಾರ" ಎಂದು ಅವನು ನಗುತ್ತಲೇ ಕಟ್ಟಿಸಿಕೊಂಡಿದ್ದನು.

ಮಧ್ಯಾಹ್ನದವರೆಗೆ ಏನೂ ಆಗಲಿಲ್ಲ. ಪ್ರಸಾದ ಮುಗಿಸಿ ಬಂದು ಮತ್ತೆ ಇಳಿಯುವಾಗ ಕಂದೀಲನ್ನು ಬಿಡುವುದನ್ನು ಎಲ್ಲರೂ ಮರೆತರು. ಬೆಳಿಗ್ಗೆ ಕಾಳಿನ ಮೇಲ್ಮೈ ಎಷ್ಟು ಎತ್ತರದಲ್ಲಿದ್ದಿತೋ ಅಷ್ಟು ಈಗ ಇರಲಿಲ್ಲ. ಅವನು ಈಗ ನಿಂತದ್ದು ಬೆಳಿಗ್ಗೆ ಬೆಳಕು ಮುಟ್ಟದಿದ್ದ ಆಳದಲ್ಲಿ. ನಾವು ವಿದ್ಯಾರ್ಥಿಗಳು ನಾಲ್ಕೈದು ಮಂದಿ ಕಾಳನ್ನು ಚೀಲಕ್ಕೆ ತುಂಬುತ್ತ ಹತ್ತಿರದಲ್ಲೇ ಇದ್ದೆವು. ಒಳಗಿನಿಂದ ಹಂತಿಯ ಪದವೊಂದು ಕೇಳಿಬರುತ್ತಿದ್ದಿತು. ಅದು ನಡುವೆಯೇ ನಿಂತಿತು. ಮೇಲಿದ್ದವನು ಎರಡು ಸಲ ಕೂಗಿದನು. ಉತ್ತರವಿಲ್ಲ. ಬಗ್ಗಿ ನೋಡಿದರೆ ಗೆಳೆಯನು ಕಾಳಿನ ಮೇಲೆ ಮುಖ ಮಾಡಿ ಬಿದ್ದಿದ್ದನು.

ಅವನು ಕೈಯಲ್ಲಿದ್ದ ಹಗ್ಗವನ್ನು ಎಸೆದು, ಎರಡೂ ಕಾಲುಗಳನ್ನು ಹಗೇವಿನ ಬಾಯೊಳಗೆ ಇಟ್ಟುಬಿಟ್ಟನು. ಆಗ ಎಪ್ಪತ್ತು ದಾಟಿದ್ದ ಅಜ್ಜನವರು ಎಲ್ಲಿದ್ದರೋ, ಹೇಗೆ ಬಂದರೋ! ಹಿಂದಿನಿಂದ ಅವನ ಧೋತರದ ಕಚ್ಚೆಯನ್ನು ಹಿಡಿದು ಕೆಡವಿ, ಹಗ್ಗವನ್ನು ಮತ್ತೆ ಅವನ ಕೈಗೆ ತುರುಕಿದರು. "ಇಳೀಬ್ಯಾಡೋ ಮಗನ! ಜಗ್ಗು! ನೀ ಇಳದ್ರ ಅವನನ್ನ ಜಗ್ಗಾವ್ರು ಯಾರು?" ಎಂದು ಗದರಿದರು. ನಾವೂ ಓಡಿಹೋಗಿ ಹಗ್ಗಕ್ಕೆ ಕೈಹಚ್ಚಿದೆವು. ಒಮ್ಮೆ ಬಾಯಿಯ ಅಂಚಿಗೆ ಭುಜ ಸಿಕ್ಕಿಕೊಂಡಿತು. ಸಡಿಲಬಿಟ್ಟು ತಿರುಗಿಸಿ ಮತ್ತೆ ಜಗ್ಗಿದೆವು. ನೀಲಿಗಟ್ಟಿದ ತುಟಿಯ ಆ ದೇಹ ಮೇಲೆ ಬಂದಾಗ ನಮ್ಮಲ್ಲಿ ಒಬ್ಬನು ಅಳತೊಡಗಿದ್ದನು. ಬೇವಿನ ನೆರಳಿಗೆ ಒಯ್ದು ಮಲಗಿಸಿ ಗಾಳಿ ಹಾಕಿದರು. ಸ್ವಲ್ಪ ಹೊತ್ತಿನ ಮೇಲೆ ಎದೆ ಏರಿ ಇಳಿಯಿತು. ಶಿವನು ಉಳಿಸಿದನೆಂದು ಎಲ್ಲರೂ ಕೈಮುಗಿದರು. ಅಜ್ಜನವರು ಮಾತ್ರ ಆ ಹಗ್ಗವನ್ನು ತಂದು ಮಠದ ಗೂಟಕ್ಕೆ ತೂಗುಹಾಕಿ, ಅದನ್ನು ಬೇರೆ ಯಾವ ಕೆಲಸಕ್ಕೂ ಬಳಸಕೂಡದೆಂದು ಕಟ್ಟುಮಾಡಿದರು.

ಕಥೆ ಇಲ್ಲಿಗೆ ಮುಗಿಯಿತೆಂದು ವಿಮಾನಪುರದ ಆ ಹುಡುಗ ಭಾವಿಸಿದ್ದನು. ಮುಗಿದಿರಲಿಲ್ಲ. ಬದುಕಿ ಬಂದವನು ನಾಲ್ಕು ದಿನವಾದ ಮೇಲೆ ಗೆಳೆಯನೊಡನೆ ಮಾತು ಬಿಟ್ಟನು. ಯಾರೋ ಅವನ ಕಿವಿಯಲ್ಲಿ ಊದಿದ್ದರು: "ನೀನು ಒಳಗೆ ಸಾಯುತ್ತಿದ್ದಾಗ ಅವನು ದಂಡೆಯ ಮೇಲೆ ನಿಂತಿದ್ದ" ಎಂದು. ಮಾತು ಸುಳ್ಳಲ್ಲ, ನಿಂತಿದ್ದುದು ನಿಜ. ಆದರೆ ನಿಂತದ್ದರಿಂದಲೇ ತಾನು ಉಳಿದೆನೆಂಬುದು ಪ್ರಜ್ಞೆತಪ್ಪಿ ಬಿದ್ದಿದ್ದವನಿಗೆ ಹೇಗೆ ತಿಳಿಯಬೇಕು? ಇನ್ನೊಬ್ಬನಾದರೂ ತನ್ನನ್ನು ಸಮರ್ಥಿಸಿಕೊಳ್ಳಲಿಲ್ಲ. ಇಳಿಯದೆ ಉಳಿದೆನಲ್ಲಾ ಎಂಬ ನಾಚಿಕೆ ಅವನಿಗೇ ಇದ್ದಿತು.

ಆ ದಿನಗಳಲ್ಲಿ ಮಠದಲ್ಲಿ ನಮಗೆ ಸಂಸ್ಕೃತಪಾಠ ಹೇಳುತ್ತಿದ್ದ ಗುರುಗಳು ಇಬ್ಬರನ್ನೂ ಕರೆಸಿ, ಬೈಯದೆ, ಬುದ್ಧಿ ಹೇಳದೆ, ಕಿಷ್ಕಿಂಧಾಕಾಂಡದ ಒಂದು ಪ್ರಸಂಗವನ್ನು ಹೇಳಿಸಿದರು. ವಾಲಿಯು ಮಾಯಾವಿಯೆಂಬ ರಾಕ್ಷಸನನ್ನು ಅಟ್ಟಿಸಿಕೊಂಡು ಬಿಲವೊಂದನ್ನು ಹೊಕ್ಕನು. ತಮ್ಮನಾದ ಸುಗ್ರೀವನಿಗೆ ಬಾಯಿಯಲ್ಲಿಯೇ ನಿಂತಿರಲು ಹೇಳಿದನು. ಸುಗ್ರೀವನು ಒಂದು ವರುಷ ಕಾದನು. ಒಳಗಿನಿಂದ ನೊರೆಗೂಡಿದ ನೆತ್ತರು ಹರಿದುಬಂದಿತು; ರಾಕ್ಷಸರ ಆರ್ಭಟ ಕೇಳಿಸಿತು; ಅಣ್ಣನ ದನಿ ಮಾತ್ರ ಕೇಳಿಸಲಿಲ್ಲ. ಅಣ್ಣನು ಮಡಿದನೆಂದೇ ತಿಳಿದು, ಬಿಲದ ಬಾಯಿಗೆ ಬೆಟ್ಟದಂತಹ ಬಂಡೆಯನ್ನು ಅಡ್ಡವಿಟ್ಟು, ತರ್ಪಣ ಕೊಟ್ಟು ಹಿಂದಿರುಗಿದನು. ಗೆದ್ದು ಬಂದ ವಾಲಿಗೆ ಎದುರಾದುದು ಮುಚ್ಚಿದ ಬಾಗಿಲು. ಬಂಡೆಯನ್ನು ಒದ್ದು ಹೊರಬಂದವನು ಊರಿಗೆ ಬಂದು ನೋಡಿದರೆ ತಮ್ಮನು ಸಿಂಹಾಸನದ ಮೇಲಿದ್ದನು. ಮುಂದಿನದನ್ನು ಲೋಕವೇ ಬಲ್ಲದು. ಇಂದಿಗೂ ಆನೆಗೊಂದಿಯ ಬೆಟ್ಟಗಳ ನಡುವೆ ನಿಂತರೆ, ಬಂಡೆಯ ಮೇಲೆ ಬಂಡೆ ಒರಗಿ ಆಗಿರುವ ಆ ಗವಿಗಳನ್ನು ನೋಡಿದರೆ, ಕವಿಗೆ ಈ ಪ್ರಸಂಗ ಹೊಳೆದುದರಲ್ಲಿ ಆಶ್ಚರ್ಯವಿಲ್ಲವೆನಿಸುತ್ತದೆ. ಆ ಸೀಮೆಯನ್ನೇ ಕಿಷ್ಕಿಂಧೆಯೆಂದು ನಮ್ಮ ಜನ ನಂಬಿಕೊಂಡು ಬಂದಿದ್ದಾರೆ.

ಗುರುಗಳು ಕೇಳಿದ್ದು ಒಂದೇ ಪ್ರಶ್ನೆ: "ಸುಗ್ರೀವನ ತಪ್ಪು ಯಾವುದು? ಒಳಗೆ ಹೋಗದಿದ್ದುದೋ, ಬಂಡೆ ಇಟ್ಟುದೋ?" ಗೆಳೆಯರಿಬ್ಬರೂ ಬಹಳ ಹೊತ್ತು ಸುಮ್ಮನಿದ್ದರು. ಬದುಕಿ ಬಂದವನು ಕೊನೆಗೆ, "ಬಂಡಿ ಇಟ್ಟದ್ದರೀ" ಎಂದನು. ಮರುದಿನ ಇಬ್ಬರೂ ಒಂದೇ ಬಂಡಿಯಲ್ಲಿ ಹೊಲಕ್ಕೆ ಹೋದುದನ್ನು ನಾವು ಕಂಡೆವು.

ಇಷ್ಟನ್ನು ಕೇಳಿದ ಮೇಲೆ ಆ ಮನೆಯ ಮೊಮ್ಮಗನು, ಗವಿಯಲ್ಲಿ ಸಿಕ್ಕಿಬಿದ್ದ ಇಬ್ಬರ ಇನ್ನೊಂದು ಕಥೆ ತನಗೂ ಗೊತ್ತೆಂದು ಹೇಳಿದನು. ಇಂಜಿನಿಯರಿಂಗ್ ಓದುತ್ತಿರುವ ಹುಡುಗ. ಸಂಗತಿಯನ್ನು ಚೆನ್ನಾಗಿ ತಿಳಿದುಕೊಂಡಿದ್ದನು. ಅದು ನಮ್ಮ ಹಗೇವಿನ ಕಥೆಗೆ ಅಣ್ಣನಂತಿರುವುದರಿಂದ ಇಲ್ಲಿ ಬರೆಯುತ್ತೇವೆ.

ಸ್ಪೇನ್ ದೇಶಕ್ಕೆ ಸೇರಿದ ಮಯೋರ್ಕಾ ದ್ವೀಪದಲ್ಲಿ ನೆಲದಡಿಯ ಸುಣ್ಣಕಲ್ಲಿನ ಗವಿಗಳು ಬಹಳ. ಅವುಗಳಲ್ಲಿ ಹಲವು ನೀರು ತುಂಬಿದವು. 2017ರ ಏಪ್ರಿಲ್ 15ರಂದು ಶಿಸ್ಕೊ ಗ್ರಾಸಿಯಾ ಎಂಬ ಭೂವಿಜ್ಞಾನದ ಉಪಾಧ್ಯಾಯರೂ ಅವರ ಸಂಗಾತಿ ಗಿಯೆಮ್ ಮಸ್ಕರೊ ಎಂಬವರೂ ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಸಾ ಪಿಕೆಟಾ ಎಂಬ ಗವಿಯನ್ನು ಹೊಕ್ಕರು. ಗವಿಯ ನಕ್ಷೆ ತೆಗೆಯುವುದು, ಕಲ್ಲಿನ ಮಾದರಿ ಸಂಗ್ರಹಿಸುವುದು ಅವರ ಕೆಲಸ. ಇಂತಹ ಗವಿಗಳಲ್ಲಿ ದಾರಿ ತಪ್ಪದಿರಲೆಂದು ಬಾಯಿಯಿಂದ ಒಳಗಿನವರೆಗೆ ತೆಳುವಾದ ನೈಲಾನ್ ದಾರವನ್ನು ಕಟ್ಟಿರುತ್ತಾರೆ. ಹಿಂದಿರುಗುವಾಗ ಅದನ್ನೇ ಹಿಡಿದು ಬರಬೇಕು. ಆ ದಿನ ಅವರು ಮರಳುವಾಗ ದಾರ ತುಂಡಾಗಿದ್ದಿತು. ತಳದ ಕೆಸರು ಎದ್ದು ನೀರು ಕದಡಿ, ಕೈಗೆ ಕೈ ಕಾಣದಂತಾಯಿತು. ತಡಕುತ್ತ ಒಂದು ತಾಸು ಕಳೆಯಿತು. ತಂದ ಗಾಳಿ ಬಹುಪಾಲು ಮುಗಿಯಿತು.

ಸಮೀಪದಲ್ಲಿ ನೀರಿನ ಮೇಲೆ ಗಾಳಿಯಿರುವ ಕೋಣೆಯೊಂದು ಇದೆಯೆಂದು ಇತರರು ಹೇಳಿದ್ದುದು ಗ್ರಾಸಿಯಾ ಅವರಿಗೆ ನೆನಪಿದ್ದಿತು. ಇಬ್ಬರೂ ಅಲ್ಲಿಗೆ ಹೋಗಿ ಮುಖ ಹೊರಹಾಕಿ ಯೋಚಿಸಿದರು. ಉಳಿದಿದ್ದ ಗಾಳಿ ಒಬ್ಬನು ಹೊರಹೋಗುವುದಕ್ಕೆ ಮಾತ್ರ ಸಾಲುವಷ್ಟು. ಯಾರು ಹೋಗಬೇಕು? ಇಲ್ಲಿ ನೀನು ಹೋಗು, ನೀನು ಹೋಗು ಎಂಬ ಉಪಚಾರಕ್ಕೆ ಎಡೆಯಿರಲಿಲ್ಲ. ಲೆಕ್ಕ ಹಾಕಿದರು. ಮಸ್ಕರೊ ತೆಳ್ಳಗಿನವರು, ಅವರಿಗೆ ಕಡಿಮೆ ಗಾಳಿ ಸಾಕು. ಗವಿಯ ಕೆಟ್ಟ ಗಾಳಿಯಲ್ಲಿ ಉಸಿರಾಡಿ ಗ್ರಾಸಿಯಾ ಅವರಿಗೆ ರೂಢಿ ಹೆಚ್ಚು. ಆದ್ದರಿಂದ ತೆಳ್ಳಗಿನವರು ಹೊರಡಬೇಕು, ರೂಢಿಯಿದ್ದವರು ಉಳಿಯಬೇಕು. ದಾರವಿಲ್ಲದ ಬೇರೊಂದು ಬಳಸುದಾರಿಯನ್ನು ನಕ್ಷೆಯಲ್ಲಿ ಗುರುತಿಸಿಕೊಂಡು ಮಸ್ಕರೊ ಕದಡಿದ ನೀರಿನೊಳಗೆ ಮರೆಯಾದರು.

ಉಳಿದವರು ಆ ಕತ್ತಲ ಕೋಣೆಯಲ್ಲಿ ಸುಮಾರು 60 ತಾಸು ಇದ್ದರು. ನಾವು ಉಸಿರಾಡುವ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡು ನೂರಕ್ಕೆ 0.04ರಷ್ಟು, ಅಲ್ಲಿ 5ರಷ್ಟು. ತಲೆ ಸಿಡಿಯುತ್ತಿದ್ದಿತು. ಇದ್ದ ಮೂರು ದೀಪಗಳಲ್ಲಿ ಒಂದು ಮಾತ್ರ ಮಿಣುಕುತ್ತಿದ್ದಿತು. ನೀರು ಕುಡಿಯಲು ಕೆಳಗಿಳಿಯುವಾಗ ಮಾತ್ರ ಅದನ್ನು ಹಚ್ಚುವರು. ದೈವವಶಾತ್ ಮೇಲ್ಪದರದ ನೀರು ಕುಡಿಯಲು ಬರುವಂತಿದ್ದಿತು. ಬೆಳಕು ಕಂಡಂತೆ, ಯಾರೋ ಬಂದಂತೆ ಭ್ರಮೆಯಾಗುತ್ತಿದ್ದಿತು. ಮನೆಯಲ್ಲಿ ಇಬ್ಬರು ಮಕ್ಕಳು. ತಾಸುಗಳು ಕಳೆದಂತೆ, ಗೆಳೆಯನು ದಾರಿಯಲ್ಲೇ ಮಡಿದಿರಬೇಕು, ತಾನಿಲ್ಲಿರುವುದು ಯಾರಿಗೂ ತಿಳಿಯದೆಂಬ ಅನುಮಾನ ಅವರನ್ನು ಕಾಡಿತು. ಗವಿಯೊಳಗಿನವನಿಗೆ ಹೊರಗಿನವನ ಸುದ್ದಿ ತಿಳಿಯದು. ವಾಲಿಯನ್ನು ಕೆಡಿಸಿದ್ದೂ, ನಮ್ಮ ಹಗೇವಿನ ಯುವಕನನ್ನು ನಾಲ್ಕು ದಿನ ಮೂಕನನ್ನಾಗಿ ಮಾಡಿದ್ದೂ ಇದೇ ಅಲ್ಲವೇ?

ಮಸ್ಕರೊ ಮಡಿದಿರಲಿಲ್ಲ. ಅವರು ಹೊರಬಂದು ಸುದ್ದಿ ಮುಟ್ಟಿಸಿದ್ದರು. ಆದರೆ ಸುದ್ದಿ ತಿಳಿದ ಕೂಡಲೇ ನುಗ್ಗುವಂತಿರಲಿಲ್ಲ. ಕೆಸರು ತಿಳಿಯಾಗುವವರೆಗೆ ಪಾರುಗಾಣಿಸುವವರು ಕಾಯಬೇಕಾಯಿತು. ಮೇಲಿನಿಂದ ಬಂಡೆ ಕೊರೆದು ಆಹಾರ ಇಳಿಸುವ ಪ್ರಯತ್ನ ಫಲಿಸಲಿಲ್ಲ. ಕೊರೆಯುವ ಸದ್ದು ನಿಂತಾಗ ಒಳಗಿದ್ದವರ ಆಸೆಯೂ ನಿಂತಿತು. ಕಡೆಗೊಮ್ಮೆ ನೀರಿನಡಿಯಿಂದ ನಿಜವಾದ ಬೆಳಕೊಂದು ಮೇಲೆ ಬಂದಿತು. ಬಂದವರು ಅವರ ಹಳೆಯ ಗೆಳೆಯ ಬರ್ನಾತ್ ಕ್ಲಮೋರ್. ಆಗಲೂ ಅವರು ಮೊದಲು ಗ್ಲೂಕೋಸ್ ಕೊಟ್ಟು, ಹೊರಗಿನವರಿಗೆ ಸುದ್ದಿ ಮುಟ್ಟಿಸಲು ಹಿಂದಿರುಗಿದರು. ಗ್ರಾಸಿಯಾ ಹೊರಬರಲು ಇನ್ನೂ ಹಲವು ತಾಸು ಹಿಡಿಯಿತು. ಅವಸರವೆಂಬುದು ಈ ಕಥೆಯಲ್ಲಿ ಎಲ್ಲಿಯೂ ಇಲ್ಲ. ನಮಗೆ ಬಹಳವಾಗಿ ಹಿಡಿಸಿದ್ದು ಅದೇ.

ಮಯೋರ್ಕಾದ ಮಾತು ದೂರದ್ದೆಂದು ಯಾರಾದರೂ ಅನ್ನಬಹುದು. ಅದೇ 2017ರಲ್ಲಿ, ಆ ಘಟನೆಗೆ ಐದಾರು ವಾರಗಳ ಮುನ್ನ, ಮಾರ್ಚ್ ತಿಂಗಳಲ್ಲಿ, ನಾವು ಕುಳಿತಿದ್ದ ವಿಮಾನಪುರಕ್ಕೆ ಹತ್ತಿರದ ಕಗ್ಗದಾಸಪುರದಲ್ಲಿ ಒಳಚರಂಡಿಯ ಮ್ಯಾನ್‌ಹೋಲಿನಲ್ಲಿ ಮೂವರು ಉಸಿರುಗಟ್ಟಿ ಸತ್ತರು. ಕಟ್ಟಿಕೊಂಡಿದ್ದುದನ್ನು ಬಿಡಿಸಲು ಹೋದವರು ಮೇಲೆ ಬರಲಿಲ್ಲ. ಅವರನ್ನು ಉಳಿಸಲು ಹೋದ ವಾಹನ ಚಾಲಕನೂ ಬರಲಿಲ್ಲ. ಈ ಸುದ್ದಿಯನ್ನು ಆ ಮನೆಯ ಯಜಮಾನರು ಆಗ ಪತ್ರಿಕೆಯಲ್ಲಿ ಓದಿದ್ದರು. ಆದರೆ ಅಂಗಳದ ಸಂಪಿಗೂ ಅದಕ್ಕೂ ಸಂಬಂಧವನ್ನು ಕಲ್ಪಿಸಿರಲಿಲ್ಲ.

ಚರಂಡಿಗೆ ಮನುಷ್ಯನನ್ನು ರಕ್ಷಣಾ ಸಾಧನಗಳಿಲ್ಲದೆ ಇಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಹಣದ ಮೊತ್ತ ಏರಿತು, ಇಳಿಸುವುದು ನಿಂತಿಲ್ಲ. ಕಾಯಕಕ್ಕೆ ಮೇಲುಕೀಳಿಲ್ಲವೆಂದು ಗೋಷ್ಠಿಗಳಲ್ಲಿ ನಾವೆಲ್ಲ ಗಟ್ಟಿಯಾಗಿ ಹೇಳುತ್ತೇವೆ. ನಮ್ಮ ಮನೆಯ ಶೌಚಗುಂಡಿಗೆ ಇಳಿಯುವವನ ಸೊಂಟದಲ್ಲಿ ಹಗ್ಗವಿದೆಯೇ ಎಂದು ನೋಡುವವರು ಎಷ್ಟು ಮಂದಿ?

ಹಗ್ಗವೊಂದೇ ಸಾಲದೆಂಬುದನ್ನೂ ಹೇಳಬೇಕು. ಅಜ್ಜನವರ ಕಂದೀಲು ಹಗೇವಿಗೆ ಸರಿ. ಆಮ್ಲಜನಕ ತೀರ ಕಡಿಮೆಯಿದ್ದರೆ ಅದು ನಂದಿ ಎಚ್ಚರಿಸುತ್ತದೆ. ಚರಂಡಿಯಲ್ಲಿಯೂ ಶೌಚಗುಂಡಿಯಲ್ಲಿಯೂ ಅದನ್ನು ಬಿಡುವುದು ಅಪಾಯ. ಅಲ್ಲಿ ಮೀಥೇನ್ ಇರುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ 5ರಿಂದ 15ರಷ್ಟಿದ್ದರೆ ಕಿಡಿ ತಾಗಿದೊಡನೆ ಸಿಡಿಯುತ್ತದೆ. ಅಲ್ಲಿರುವ ಇನ್ನೊಂದು ವಿಷ ಹೈಡ್ರೋಜನ್ ಸಲ್ಫೈಡ್. ಕೊಳೆತ ಮೊಟ್ಟೆಯ ನಾತ ಅದರದು. ಅದು ಹೆಚ್ಚಾದಾಗ ಮೂಗಿನ ಶಕ್ತಿಯೇ ಕುಂದುತ್ತದೆ. ನಾತ ಹೋಯಿತು, ಗಾಳಿ ಶುದ್ಧವಾಯಿತೆಂದು ಭ್ರಮಿಸಿ ಇಳಿದವನು ಕೆಲವೇ ಉಸಿರಿನಲ್ಲಿ ಕುಸಿಯುತ್ತಾನೆ. ಮೂಗಿಗೆ ಒದ್ದೆ ಬಟ್ಟೆ ಕಟ್ಟಿದರೆ ಯಾವ ರಕ್ಷಣೆಯೂ ಇಲ್ಲ. ಕುಡಿಯುವ ನೀರಿನ ಸಂಪೂ ನಿರಪಾಯವಲ್ಲ: ಬಹಳ ದಿನ ಮುಚ್ಚಿಟ್ಟದ್ದರಲ್ಲಿ ಆಮ್ಲಜನಕ ಕಡಿಮೆಯಾಗಿರಬಹುದು, ನೀರೆತ್ತಲು ಪೆಟ್ರೋಲ್ ಪಂಪನ್ನು ಒಳಗೆ ಅಥವಾ ಬಾಯಿಯ ಬಳಿ ಓಡಿಸಿದರೆ ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡು ತುಂಬಿಕೊಳ್ಳುತ್ತದೆ, ಬ್ಲೀಚಿಂಗ್ ಪುಡಿಯ ಮೇಲೆ ಆಸಿಡ್ ಸುರಿದರೆ ಕ್ಲೋರಿನ್ ಏಳುತ್ತದೆ. ಒಳಗಿದ್ದವನು ಬಿದ್ದರೆ ಮೇಲಿರುವವನು ಹಗ್ಗದಿಂದ ಎಳೆಯಬೇಕು, ಕೂಗಿ ಜನ ಕೂಡಿಸಬೇಕು, ಅಗ್ನಿಶಾಮಕ ದಳವನ್ನು ಕರೆಯಬೇಕು. ಇಳಿಯಬಾರದು. ತಾಯಿಯೇ ಆಗಲಿ, ಒಡಹುಟ್ಟಿದವನೇ ಆಗಲಿ, ಸಿಲಿಂಡರಿನ ಗಾಳಿಯಿಲ್ಲದೆ ಇಳಿಯಬಾರದು. ಬರೆಯುವುದು ಸುಲಭ, ಬಲ್ಲೆವು. ಆ ದಿನ ಅಜ್ಜನವರು ಕಚ್ಚೆ ಹಿಡಿಯದಿದ್ದರೆ ನಮ್ಮ ಗೆಳೆಯನು ಖಂಡಿತ ಇಳಿಯುತ್ತಿದ್ದನು. ಅವನ ಹಿಂದೆ ನಮ್ಮಲ್ಲಿ ಯಾರು ಇಳಿಯುತ್ತಿದ್ದೆವೋ.

ಅಂದು ವಿಮಾನಪುರದಲ್ಲಿ ಸಂಪಿನ ಕೆಲಸ ಮಧ್ಯಾಹ್ನಕ್ಕೆ ಮುಂದೂಡಲ್ಪಟ್ಟಿತು. ಮುಚ್ಚಳವನ್ನು ಪೂರ್ತಿ ತೆರೆದಿಟ್ಟು, ಬಾಯಿಯ ಬಳಿ ಫ್ಯಾನು ಇಟ್ಟು ಮೂರು ತಾಸು ಗಾಳಿ ಹಾಯಿಸಿದರು. ಕಾದದ್ದಕ್ಕೆ ಕೂಲಿ ಕಳೆಯುವುದಿಲ್ಲ, ಬದಲಿಗೆ ಕೂಡಿಸಿಕೊಡುತ್ತೇವೆಂದು ಯಜಮಾನರು ಹೇಳಿದ ಮೇಲೆಯೇ ಅಣ್ಣತಮ್ಮಂದಿರ ಮುಖದ ಬಿಗುವು ಸಡಿಲಿತು. ಹಗ್ಗವೆಲ್ಲಿ? ಮನೆಯಲ್ಲಿ ಇರಲಿಲ್ಲ. ಮನೆಯ ತಾಯಿಯವರು ಮಾಳಿಗೆಯ ಮೇಲೆ ಬಟ್ಟೆ ಒಣಹಾಕುವ ಹಗ್ಗವನ್ನು ಬಿಚ್ಚಿ ತಂದರು. ನಾವು ಜಗ್ಗಿ ನೋಡಿ, ಇದು ಆಳಿನ ಭಾರ ತಡೆಯದೆಂದೆವು. ಮೊಮ್ಮಗನು ಅಂಗಡಿಗೆ ಹೋಗಿ ಹೆಬ್ಬೆರಳು ದಪ್ಪದ್ದೊಂದನ್ನು ಕೊಂಡುತಂದನು. ಕಂಕುಳಿಗೆ ಸುತ್ತಿ ಹೇಗೆ ಕಟ್ಟಬೇಕೆಂದು, ಐವತ್ತು ವರುಷಗಳ ಹಿಂದೆ ಕಂಡದ್ದನ್ನು ನೆನೆದು, ನಾವೇ ಕಟ್ಟಿ ತೋರಿಸಿದೆವು. ತಮ್ಮನು ಇಳಿದನು. ಅಣ್ಣನು ಹಗ್ಗದ ತುದಿಯನ್ನು ಮುಂಗೈಗೆ ಸುತ್ತಿಕೊಂಡು ಬಾಯಿಯಲ್ಲಿ ಕುಳಿತನು. ನಡುನಡುವೆ ಅವನ ಹೆಸರು ಹಿಡಿದು ಕರೆಯುತ್ತಿದ್ದನು, ಒಳಗಿನಿಂದ "ಹ್ಞೂಂ" ಎಂದು ಕೇಳಿದ ಮೇಲೆ ಸುಮ್ಮನಾಗುತ್ತಿದ್ದನು.

ಕೆಲಸ ಮುಗಿದು ಇಬ್ಬರೂ ಕೈಕಾಲು ತೊಳೆದು ಪ್ರಸಾದಕ್ಕೆ ಕುಳಿತರು. ಹೋಗುವಾಗ ಅಣ್ಣನು ಆ ಹಗ್ಗವನ್ನು ಸುತ್ತಿ ಸುರುಳಿಮಾಡಿ ಯಜಮಾನರ ಮುಂದೆ ಹಿಡಿದು, "ಸ್ವಾಮಿ, ಇದನ್ನು ನಾವು ಇಟ್ಟುಕೊಳ್ಳೋದಾ?" ಎಂದು ಕೇಳಿದನು.